ವೈದ್ಯರನ್ನು ಕೇಳಿ: ಮಲದ ಹಿಡಿತ ತಪ್ಪಿದಾಗ

ಈ ಸಂಚಿಕೆಗೆ ಆರಿಸಿಕೊಂಡ ಮೂರೂ ಪತ್ರಗಳು ಹಿರಿಯರಿಗೆ ಹಿಡಿತವಿಲ್ಲದೆ ಮಲ ಹೋಗುವ ತೊಂದರೆಗೆ ಸಂಬಂಧಿಸಿದವು. ಹೆಸರು, ಊರು ಪ್ರಕಟಿಸಬಾರದೆಂದು ಮೂವರೂ ಕೋರಿದ್ದಾರೆ.

ಪ್ರಶ್ನೆ: ಮಾನ್ಯ ಡಾಕ್ಟರಿಗೆ ನಮಸ್ಕಾರಗಳು. ನನಗೆ 69 ವರ್ಷ, ನಿವೃತ್ತ ಶಿಕ್ಷಕಿ. ಸಕ್ಕರೆ ಕಾಯಿಲೆಗೆ ಬಹಳ ವರ್ಷಗಳಿಂದ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಮೊದಲ ಹೆರಿಗೆ ಇಕ್ಕಳ ಹಾಕಿ ಆಗಿತ್ತು, ಹೊಲಿಗೆಗಳೂ ಬಿದ್ದಿದ್ದವು. ಈಗೊಂದು ವರ್ಷದಿಂದ ಮಲ ಬರುವ ಸೂಚನೆಯಾದರೆ ಕಕ್ಕಸಿನವರೆಗೆ ಹೋಗುವಷ್ಟು ಪುರುಸೊತ್ತು ಸಿಗುವುದಿಲ್ಲ. ಕೆಲವೊಮ್ಮೆ ಗ್ಯಾಸ್ ಹೋಯಿತೆಂದುಕೊಂಡರೆ ಲಂಗಕ್ಕೆ ಕಲೆಯಾಗಿರುತ್ತದೆ. ಮಡಿ ಕೆಟ್ಟೀತೆಂದು ದೇವಸ್ಥಾನವನ್ನೂ ಭಜನೆಯನ್ನೂ ಬಿಟ್ಟಿದ್ದೇನೆ. ಹೊರಗೆ ಹೋಗಲೇಬೇಕಾದ ದಿನ ಏನನ್ನೂ ತಿನ್ನುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎರಡು ತಿಂಗಳಲ್ಲಿ ಮಗಳ ಮಗಳ ಮದುವೆ ಹುಬ್ಬಳ್ಳಿಯಲ್ಲಿದೆ, ತುಮಕೂರಿನಿಂದ ಬಸ್ಸಿನಲ್ಲಿ ಹೋಗಬೇಕು. ವಯಸ್ಸಾಯಿತು ಎಂದು ಸುಮ್ಮನಿದ್ದುಬಿಡಬೇಕೆ?

ಉತ್ತರ: ಸುಮ್ಮನಿರಬೇಕಾಗಿಲ್ಲ. ವಯಸ್ಸು ಈ ತೊಂದರೆಗೆ ದಾರಿ ಮಾಡಿಕೊಡುತ್ತದೆ ನಿಜ, ಆದರೆ ವಯಸ್ಸೊಂದರಿಂದಲೇ ಹೀಗಾಗುವುದು ಕಡಿಮೆ. ನಿಮ್ಮ ಪತ್ರದಲ್ಲೇ ಮೂರು ಕಾರಣಗಳು ಕಾಣುತ್ತಿವೆ, ಅವುಗಳಲ್ಲಿ ಒಂದನ್ನಂತೂ ಕೆಲವೇ ವಾರಗಳಲ್ಲಿ ಸರಿಪಡಿಸಬಹುದು.

ಗುದದ್ವಾರವನ್ನು ಮುಚ್ಚಿಡುವ ಸ್ನಾಯುಗಳು ಎರಡು. ಒಳಗಿನದು ನಮ್ಮ ಅರಿವಿಗೆ ಬಾರದಂತೆ ಹಗಲೂ ರಾತ್ರಿ ಬಿಗಿಯಾಗಿರುತ್ತದೆ. ಹೊರಗಿನದನ್ನು ನಾವು ಬೇಕೆಂದಾಗ ಬಿಗಿಹಿಡಿದು ‘ಸ್ವಲ್ಪ ತಡೆ’ ಎನ್ನುತ್ತೇವೆ. ಇಕ್ಕಳದ ಹೆರಿಗೆಯಲ್ಲಿ ಹೊರಗಿನ ಸ್ನಾಯು ಹರಿದಿರುವ ಸಾಧ್ಯತೆ ಹೆಚ್ಚು, ಮೇಲೆ ಹೊಲಿಗೆ ಹಾಕಿದ್ದರೂ ಒಳಗಿನ ಗಾಯ ಪೂರ್ತಿ ಕೂಡಿಕೊಂಡಿರಬೇಕೆಂದಿಲ್ಲ. ಅಂದು ಯೌವನದ ಬಲದಲ್ಲಿ ಉಳಿದ ಸ್ನಾಯುಗಳು ಆ ಕೊರತೆಯನ್ನು ತುಂಬಿದ್ದವು; ಮುಟ್ಟು ನಿಂತ ನಂತರದ ವರ್ಷಗಳಲ್ಲಿ ಅವೂ ಸಡಿಲಗೊಂಡಾಗ ಹಳೆಯ ಗಾಯ ತಲೆಯೆತ್ತುತ್ತದೆ. ಹೀಗಾಗಿಯೇ ನಾಲ್ಕು ದಶಕಗಳ ಹಿಂದಿನ ಹೆರಿಗೆಗೂ ಇಂದಿನ ತೊಂದರೆಗೂ ನಂಟಿದೆ ಎಂಬುದು ಅನೇಕರಿಗೆ ಹೊಳೆಯುವುದೇ ಇಲ್ಲ. ಎರಡನೆಯ ಕಾರಣ ಸಕ್ಕರೆ ಕಾಯಿಲೆ. ಅದು ಪಾದದ ನರಗಳನ್ನು ಮಂದಗೊಳಿಸುವ ಹಾಗೆಯೇ ಗುದದ ನರಗಳನ್ನೂ ಮಂದಗೊಳಿಸುವುದರಿಂದ, ಬಂದಿರುವುದು ಗ್ಯಾಸೋ ಮಲವೋ ಎಂದು ಗುರುತಿಸುವ ಸೂಕ್ಷ್ಮ ಕಳೆದುಹೋಗುತ್ತದೆ.

ಮೂರನೆಯದು ಮೆಟ್‌ಫಾರ್ಮಿನ್. ಬಹಳ ವರ್ಷ ಒಗ್ಗಿದ ಮಾತ್ರೆಯೂ ಒಮ್ಮೊಮ್ಮೆ ಹೊಟ್ಟೆಯನ್ನು ಸಡಿಲಗೊಳಿಸಲು ಶುರುಮಾಡುತ್ತದೆ, ಮತ್ತು ದುರ್ಬಲವಾದ ಸ್ನಾಯು ಗಟ್ಟಿ ಮಲವನ್ನು ತಡೆದೀತೇ ಹೊರತು ತೆಳುವಾದದ್ದನ್ನು ತಡೆಯಲಾರದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಮಾಣ ಇಳಿಸಲು, ನಿಧಾನವಾಗಿ ಕರಗುವ ಬಗೆಯ ಮೆಟ್‌ಫಾರ್ಮಿನ್‌ಗೆ ಬದಲಾಯಿಸಲು ಅಥವಾ ಬೇರೆ ಔಷಧ ಕೊಡಲು ಸಾಧ್ಯವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ‘ಸಕ್ಕರೆ ಕಾಯಿಲೆಯವರಿಗಾಗಿ’ ಎಂದು ಮಾರುವ ಸಿಹಿತಿಂಡಿ, ಬಿಸ್ಕತ್ತುಗಳನ್ನು ತಿನ್ನುತ್ತಿದ್ದರೆ ಅವನ್ನೂ ಬಿಟ್ಟು ನೋಡಿ. ಅವುಗಳಲ್ಲಿ ಕೆಲವಕ್ಕೆ ಹಾಕುವ ಸಾರ್ಬಿಟಾಲ್ ಎಂಬ ಸಿಹಿಕಾರಕ ಭೇದಿಯನ್ನುಂಟುಮಾಡುತ್ತದೆ.

ವೈದ್ಯರಲ್ಲಿಗೆ ಹೋಗುವ ಮೊದಲು ಒಂದು ವಾರ ನೋಟ್‌ಪುಸ್ತಕವೊಂದರಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಮಲ ಬಂತು, ಗಟ್ಟಿಯಿತ್ತೋ ತೆಳುವಿತ್ತೋ, ಅದಕ್ಕೂ ಮುನ್ನ ಏನು ತಿಂದಿದ್ದಿರಿ, ಯಾವಾಗ ಹಿಡಿತ ತಪ್ಪಿತು. ಜೀವಮಾನವಿಡೀ ಹಾಜರಿ ಪುಸ್ತಕ ತುಂಬಿದ ನಿಮಗೆ ಇದು ಕಷ್ಟವಾಗಲಾರದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಕುಡಿಯುವ ಗಟ್ಟಿ ಕಾಫಿ, ಹಾಲು ಮತ್ತು ಖಾರದ ಅಡುಗೆ, ಈ ಮೂರರಲ್ಲಿ ಯಾವುದು ನಿಮಗೆ ಆಗಿಬರುವುದಿಲ್ಲ ಎಂಬುದು ಆ ಪುಟಗಳಲ್ಲಿ ತಾನಾಗಿ ಗೊತ್ತಾಗುತ್ತದೆ. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುತ್ತದೆ. ಮಲ ತೆಳುವಾಗಿಯೇ ಇದ್ದರೆ ಒಂದು ಚಮಚ ಇಸಬ್ಗೋಲನ್ನು ಒಂದು ಲೋಟ ನೀರಿನಲ್ಲಿ ಕಲಸಿ, ಉಬ್ಬುವ ಮೊದಲೇ ಕುಡಿಯಬಹುದು. ಇದನ್ನು ಮಲಬದ್ಧತೆಯ ಔಷಧವೆಂದಷ್ಟೇ ತಿಳಿದವರಿಗೆ ಆಶ್ಚರ್ಯವಾದೀತು. ಅದು ನೀರನ್ನು ಹೀರಿಕೊಂಡು ತೆಳುವಾದ ಮಲಕ್ಕೂ ಆಕಾರ ಕೊಡುತ್ತದೆ. ಆದರೆ ನುಂಗಲು ತೊಂದರೆಯಿರುವವರು ಇದನ್ನು ತೆಗೆದುಕೊಳ್ಳಬಾರದು.

ಉಪವಾಸವನ್ನು ಇಂದೇ ಬಿಡಿ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದೀತು. ಅಲ್ಲದೆ ಹೊಟ್ಟೆಗೆ ಆಹಾರ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುವುದು ದೇಹದ ಸಹಜ ಧರ್ಮ, ಅದರಲ್ಲೂ ಬೆಳಗಿನ ಹೊತ್ತು ಅದು ಹೆಚ್ಚು. ಇಡೀ ದಿನ ಹಸಿದಿದ್ದು ಒಮ್ಮೆಲೇ ಮದುವೆ ಊಟಕ್ಕೆ ಕುಳಿತರೆ ನೀವು ಹೆದರಿದ್ದೇ ಆಗುತ್ತದೆ. ಈ ಧರ್ಮವನ್ನೇ ನಿಮ್ಮ ಅನುಕೂಲಕ್ಕೆ ಬಳಸಿಕೊಳ್ಳಿ. ದಿನವೂ ಒಂದೇ ಹೊತ್ತಿಗೆ ತಿಂಡಿ ತಿಂದು, 20–30 ನಿಮಿಷಗಳ ನಂತರ ಬಂದರೂ ಬಾರದಿದ್ದರೂ ಹತ್ತು ನಿಮಿಷ ಕಮೋಡಿನ ಮೇಲೆ ಕುಳಿತುಕೊಳ್ಳಿ, ಪಾದಗಳ ಕೆಳಗೆ ಒಂದು ಮಣೆಯಿರಲಿ, ತಿಣುಕಬೇಡಿ. ಕೆಲವು ವಾರಗಳಲ್ಲಿ ಕರುಳು ಆ ಹೊತ್ತಿಗೆ ಒಗ್ಗಿಕೊಂಡರೆ ಉಳಿದ ಹೊತ್ತು ಬಹುಮಟ್ಟಿಗೆ ನಿಮ್ಮದಾಗುತ್ತದೆ.

ಇದರ ಜೊತೆಗೆ ವ್ಯಾಯಾಮ ಬೇಕು. ಗ್ಯಾಸ್ ಹೊರಬಾರದಂತೆ ತಡೆಯುವಾಗ ಹೇಗೆ ಬಿಗಿಹಿಡಿಯುತ್ತೇವೆಯೋ ಹಾಗೆ ಗುದದ್ವಾರವನ್ನು ಒಳಕ್ಕೆ, ಮೇಲಕ್ಕೆ ಎಳೆದು 5 ಸೆಕೆಂಡು ಹಿಡಿದಿಟ್ಟು, 10 ಸೆಕೆಂಡು ಪೂರ್ತಿ ಸಡಿಲಬಿಡಿ. ಹೀಗೆ 10 ಸಲ, ದಿನಕ್ಕೆ ಮೂರು ಹೊತ್ತು. ತೊಡೆ ಬಿಗಿಯುವುದು, ಉಸಿರು ಕಟ್ಟುವುದು ಎರಡೂ ತಪ್ಪು. ಫಲ ಕಾಣಲು ಎರಡು-ಮೂರು ತಿಂಗಳು ಬೇಕಾಗುವುದರಿಂದ, ಹದಿನೈದು ದಿನ ಮಾಡಿ ‘ಏನೂ ಆಗಲಿಲ್ಲ’ ಎಂದು ಬಿಡಬಾರದು.

ಪರೀಕ್ಷೆಗೆ ಶಸ್ತ್ರಚಿಕಿತ್ಸಕರನ್ನು ಅಥವಾ ಜಠರ-ಕರುಳಿನ ತಜ್ಞರನ್ನು ಕಾಣಿ, ಸಂಕೋಚವಾದರೆ ಮಹಿಳಾ ವೈದ್ಯರೇ ಬೇಕೆಂದು ಕೇಳಿ. ಕೈಗವಸು ಹಾಕಿದ ಬೆರಳಿನಿಂದ ಒಂದೆರಡು ನಿಮಿಷ ನಡೆಸುವ ಪರೀಕ್ಷೆಯಲ್ಲೇ ಸ್ನಾಯುವಿನ ಬಲ ಬಹಳಷ್ಟು ತಿಳಿಯುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಸ್ನಾಯುವಿನ ಒತ್ತಡವನ್ನು ಅಳೆಯುವ ಮಾನೊಮೆಟ್ರಿ, ಹರಿದ ಜಾಗವನ್ನು ತೋರಿಸುವ ಒಳ ಸ್ಕ್ಯಾನಿಂಗ್, ಪರದೆಯ ಮೇಲೆ ನೋಡುತ್ತಾ ಸ್ನಾಯುವನ್ನು ಪಳಗಿಸುವ ಬಯೋಫೀಡ್‌ಬ್ಯಾಕ್ ತರಬೇತಿ ಇವೆ. ಇವುಗಳಿಂದ ಗುಣ ಕಾಣದವರಿಗೆ ಶಸ್ತ್ರಚಿಕಿತ್ಸೆಯ ದಾರಿಗಳೂ ಉಂಟು. ಮಂಡಿನೋವಿನ ಬಗ್ಗೆ ಅರ್ಧ ಗಂಟೆ ಮಾತನಾಡಿ, ಎದ್ದು ಬಾಗಿಲ ಬಳಿ ಹೋದ ಮೇಲೆ ‘ಇನ್ನೊಂದು ವಿಷಯ…’ ಎನ್ನುವ ರೋಗಿಗಳೇ ನಮ್ಮಲ್ಲಿ ಹೆಚ್ಚು. ತಾವಾಗಿ ಕೇಳದ ವೈದ್ಯರದೂ ಇದರಲ್ಲಿ ಅರ್ಧ ತಪ್ಪಿದೆಯೆನ್ನಿ. ನೀವು ಇದನ್ನೇ ಮೊದಲ ಮಾತಾಗಿ ಹೇಳಿ.

ಇನ್ನು ಮದುವೆ. ತುಮಕೂರಿನಿಂದ ಅರಸೀಕೆರೆ, ದಾವಣಗೆರೆಯ ಮೇಲೆ ಹುಬ್ಬಳ್ಳಿಗೆ ರೈಲುಗಳಿರುವಾಗ ಬಸ್ಸೇಕೆ? ರೈಲಿನಲ್ಲಿ ಶೌಚಾಲಯವಿರುತ್ತದೆ, ಅದಕ್ಕೆ ಹತ್ತಿರದ ಸೀಟನ್ನು ಕೇಳಿ ಪಡೆಯಿರಿ. ಕೈಚೀಲದಲ್ಲಿ ಒಂದು ಲಂಗ, ಎರಡು ಒಳ ಉಡುಪು, ಒದ್ದೆ ಒರೆಸುವ ಹಾಳೆಗಳು, ಹಳೆಯ ಪತ್ರಿಕೆ, ಗಂಟುಕಟ್ಟಬಹುದಾದ ಪ್ಲಾಸ್ಟಿಕ್ ಚೀಲ ಇರಲಿ. ಮುಟ್ಟಿನ ಪ್ಯಾಡುಗಳು ಸಣ್ಣ ಕಲೆಗೆ ಸಾಕು; ಮಲ ತಡೆಯಲು ಚಡ್ಡಿಯಂತೆ ತೊಡುವ ದೊಡ್ಡವರ ಡಯಾಪರ್ ಉತ್ತಮ, ಸೀರೆಯೊಳಗೆ ಅದು ಕಾಣುವುದಿಲ್ಲ. ಪ್ರಯಾಣದ ದಿನ ಮೊದಲ ಬಾರಿಗೆ ತೊಡದೆ ಮನೆಯಲ್ಲೇ ಒಂದು ದಿನ ತೊಟ್ಟು, ನಡೆದು, ಕುಳಿತು ನೋಡಿ. ಕಲ್ಯಾಣ ಮಂಟಪದಲ್ಲಿ ನೆಲಮಹಡಿಯ, ಶೌಚಾಲಯ ಹೊಂದಿಕೊಂಡ ಕೋಣೆಯನ್ನು ನಿಮಗಾಗಿ ಇಡಿಸಲು ಮಗಳಿಗೆ ಹೇಳಬೇಕಾಗುತ್ತದೆ, ಅಂದರೆ ವಿಷಯವನ್ನೂ ಹೇಳಬೇಕಾಗುತ್ತದೆ. ‘ನನಗೆ ಮಲ ತಡೆಯಲು ಆಗುತ್ತಿಲ್ಲ, ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೇನೆ, ಕೋಣೆ ಹತ್ತಿರವಿರಲಿ’ ಎಂದರೆ ಸಾಕು. ಮಡಿಯ ವಿಚಾರ ವೈದ್ಯನ ಅಧಿಕಾರಕ್ಕೆ ಸೇರಿದ್ದಲ್ಲ. ಆದರೂ ತೊಳೆದುಕೊಂಡು ಬಟ್ಟೆ ಬದಲಾಯಿಸಿದವರು ಭಜನೆಯಿಂದ ಹೊರಗುಳಿಯಬೇಕೆಂದು ನನಗಂತೂ ಅನ್ನಿಸುವುದಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ 83 ವರ್ಷ. ಪಾರ್ಶ್ವವಾಯು ಆದ ಮೇಲೆ ಹೆಚ್ಚಾಗಿ ಹಾಸಿಗೆಯಲ್ಲೇ ಇರುತ್ತಾರೆ. ಮೂರು ವಾರಗಳಿಂದ ದಿನವಿಡೀ ನೀರಿನಂತೆ ಸ್ವಲ್ಪಸ್ವಲ್ಪ ಹೋಗುತ್ತಲೇ ಇದೆ. ಅದಕ್ಕೂ ಮೊದಲು ಸಂಡಾಸ ಸರಿಯಾಗಿ ಆಗುತ್ತಿರಲಿಲ್ಲ. ಔಷಧ ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟೆವು, ಕಡಿಮೆಯಾಗಲಿಲ್ಲ, ಹೊಟ್ಟೆ ಉಬ್ಬಿದೆ. ತಾಯಿಯವರು ಡೆಟಾಲ್ ನೀರಿನಿಂದ ಒರೆಸುತ್ತಾರೆ, ಚರ್ಮ ಕೆಂಪಾಗಿ ಸುಲಿದಿದೆ.

ಉತ್ತರ: ಆ ಮಾತ್ರೆಯನ್ನು ಕೂಡಲೇ ನಿಲ್ಲಿಸಿ. ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಭೇದಿಯಾಗಿರದೆ ಮಲಬದ್ಧತೆಯೇ ಆಗಿರುವ ಸಂಭವ ಹೆಚ್ಚು. ಗಟ್ಟಿ ಮಲ ಗುದದೊಳಗೆ ಉಂಡೆಯಾಗಿ ಕೂತುಬಿಟ್ಟಾಗ, ಕಲ್ಲು ಸಿಕ್ಕಿಕೊಂಡ ಕಾಲುವೆಯಲ್ಲಿ ನೀರು ಕಲ್ಲಿನ ಪಕ್ಕದಿಂದ ನುಸುಳುವಂತೆ ಮೇಲಿನ ತೆಳುವಾದ ಮಲ ಅದರ ಸುತ್ತಲಿಂದ ಸೋರುತ್ತದೆ. ಭೇದಿಯ ಮಾತ್ರೆ ಈ ಅಡಚಣೆಯನ್ನು ಇನ್ನಷ್ಟು ಗಟ್ಟಿಗೊಳಿಸುತ್ತದೆ.

ಇಂದೇ ವೈದ್ಯರಿಂದ ಪರೀಕ್ಷೆ ಮಾಡಿಸಿ. ಹೊಟ್ಟೆ ಉಬ್ಬಿರುವುದರ ಜೊತೆಗೆ ವಾಂತಿ, ತೀವ್ರ ನೋವು, ಜ್ವರ ಅಥವಾ ಮೂತ್ರ ಕಟ್ಟಿಕೊಳ್ಳುವುದು ಇದ್ದರೆ ನೇರವಾಗಿ ಆಸ್ಪತ್ರೆಗೇ ಕರೆದೊಯ್ಯಿರಿ. ಮನೆಯಲ್ಲಿ ನೀವೇ ಬೆರಳು ಹಾಕಿ ತೆಗೆಯಲು ಹೋಗಬೇಡಿ, ಒಳಗೆ ಗಾಯವಾಗುತ್ತದೆ. ಎನಿಮಾದಿಂದ ಅಥವಾ ವೈದ್ಯರ ಕೈಯಿಂದ ಅದು ತೆರವಾದ ಮೇಲೆ ಮತ್ತೆ ಕಟ್ಟಿಕೊಳ್ಳದಂತೆ ಲ್ಯಾಕ್ಟುಲೋಸ್‌ನಂತಹ ಔಷಧವನ್ನು ಬಹುಶಃ ದಿನವೂ ಕೊಡಬೇಕಾಗುತ್ತದೆ. ಅವರು ಸೇವಿಸುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ, ಏಕೆಂದರೆ ಕಬ್ಬಿಣ, ಕ್ಯಾಲ್ಸಿಯಂ, ಟ್ರಮಡಾಲ್‌ನಂತಹ ನೋವಿನ ಮಾತ್ರೆ, ಖಿನ್ನತೆಗೆ, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ಮಲ ಕಟ್ಟಿಸುತ್ತವೆ.

ಡೆಟಾಲ್ ಬೇಡ, ಸ್ಪಿರಿಟ್ಟೂ ಬೇಡ. ಸುಲಿದ ಚರ್ಮವನ್ನು ಅವು ಇನ್ನಷ್ಟು ಸುಡುತ್ತವೆ. ಪ್ರತಿ ಬಾರಿಯೂ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಹಳೆಯ ಹತ್ತಿ ಬಟ್ಟೆಯಿಂದ ಮುಂದಿನಿಂದ ಹಿಂದಕ್ಕೆ ಒರೆಸಿ, ಉಜ್ಜದೆ ಒತ್ತಿ ಒಣಗಿಸಿ, ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಸವರಿ. ಮುಂದಿನ ಬಾರಿ ಒರೆಸುವಾಗ ಮಲವನ್ನಷ್ಟೇ ತೆಗೆದರೆ ಸಾಕು, ಮುಲಾಮನ್ನು ಕೆರೆದು ತೆಗೆಯಬೇಕಾಗಿಲ್ಲ. ಪೌಡರ್ ಬೆವರಿನಲ್ಲಿ ಗಂಟುಕಟ್ಟಿ ಉಜ್ಜುವುದರಿಂದ ಅದನ್ನು ಹಾಕಬೇಡಿ. ಡಯಾಪರ್ ದುಬಾರಿಯೆಂದು ತುಂಬುವವರೆಗೆ ಬಿಡುವ ಮನೆಗಳನ್ನು ಕಂಡಿದ್ದೇನೆ. ಮೂತ್ರಕ್ಕಾದರೆ ಸ್ವಲ್ಪ ಕಾಯಬಹುದು, ಮಲವಾದ ಕೂಡಲೇ ಬದಲಾಯಿಸಲೇಬೇಕು. ಬಳಸಿದ್ದನ್ನು ಪತ್ರಿಕೆಯಲ್ಲಿ ಸುತ್ತಿ, ಗುರುತು ಹಾಕಿ ಪ್ರತ್ಯೇಕವಾಗಿ ಕೊಡಿ, ಕಸ ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಅದು ಅಂಟಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸುವುದನ್ನು ಮರೆಯಬೇಡಿ. ಕೂರಿಸಲು ಸಾಧ್ಯವಾದರೆ, ತಿಂಡಿಯ ನಂತರ ಕೆಳಗೆ ಪಾತ್ರೆಯಿರುವ ಕಮೋಡ್ ಕುರ್ಚಿಯ ಮೇಲೆ ದಿನವೂ ಕೂರಿಸಿ.

ತಾಯಿಯವರ ಬಗ್ಗೆಯೂ ಒಂದು ಮಾತು. ಆ ವಯಸ್ಸಿನಲ್ಲಿ ರಾತ್ರಿ ಪಾಳಿಯನ್ನು ಅವರೊಬ್ಬರೇ ಮಾಡುವುದು ಬೇಡ, ಮಕ್ಕಳು ಸರದಿ ಹಾಕಿಕೊಳ್ಳಿ. ಜಿಲ್ಲಾ ಆಸ್ಪತ್ರೆಯಲ್ಲಿ ಹಿರಿಯ ನಾಗರಿಕರ ವಿಭಾಗವಿದೆಯೇ ವಿಚಾರಿಸಿ. ಹಿರಿಯರಿಗಾಗಿ ಇರುವ ಸರ್ಕಾರದ ಸಹಾಯವಾಣಿ 14567ಕ್ಕೂ ಕರೆ ಮಾಡಿ ಕೇಳಬಹುದು.

ಪ್ರಶ್ನೆ: ವಯಸ್ಸು 66. ಬೆಳಗ್ಗೆ ವಾಕಿಂಗ್ ಹೋದಾಗ ಮಲ ಜಾರುತ್ತದೆ. ಸ್ನೇಹಿತರೊಬ್ಬರು ಲೋಪರಮೈಡ್ ಎಂಬ ಭೇದಿ ನಿಲ್ಲುವ ಮಾತ್ರೆ ನುಂಗಿ ಹೊರಡುವಂತೆ ಹೇಳಿದರು. ದಿನವೂ ತೆಗೆದುಕೊಳ್ಳಬಹುದೆ? ಐದಾರು ತಿಂಗಳಿಂದ ಆಗಾಗ ರಕ್ತವೂ ಬೀಳುತ್ತದೆ, ಅದು ಮೂಲವ್ಯಾಧಿಯದೆಂದು ಸುಮ್ಮನಿದ್ದೇನೆ.

ಉತ್ತರ: ಲೋಪರಮೈಡ್ ಒಳ್ಳೆಯ ಮಾತ್ರೆಯೇ. ಹೊರಡುವ ಅರ್ಧ ಗಂಟೆ ಮೊದಲು 2 ಮಿಲಿಗ್ರಾಂ ತೆಗೆದುಕೊಂಡು ನೆಮ್ಮದಿಯಿಂದ ತಿರುಗಾಡುವವರು ಅನೇಕರಿದ್ದಾರೆ, ವೈದ್ಯರ ನಿಗಾ ಇದ್ದರೆ ಬಹುಕಾಲ ಬಳಸಲೂಬಹುದು. ಆದರೆ ನಿಮಗೆ ಈಗ ಅದು ಬೇಡ. ಈ ವಯಸ್ಸಿನಲ್ಲಿ ಮಲವಿಸರ್ಜನೆಯ ರೀತಿ ಬದಲಾಗಿ, ಜೊತೆಗೆ ರಕ್ತವೂ ಬೀಳುತ್ತಿದ್ದರೆ, ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲವೆಂದು ಖಚಿತವಾಗುವವರೆಗೆ ಅದನ್ನು ಮೂಲವ್ಯಾಧಿಯೆಂದು ತೀರ್ಮಾನಿಸಬಾರದು. ಈ ವಾರವೇ ತಜ್ಞರನ್ನು ಕಂಡು, ಕ್ಯಾಮೆರಾವಿರುವ ಕೊಳವೆಯಿಂದ ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೊಸ್ಕೊಪಿಯ ಬಗ್ಗೆ ಕೇಳಿ. ತೂಕ ಇಳಿದಿದ್ದರೆ, ಮನೆತನದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಆಗಿದ್ದರೆ ಅದನ್ನೂ ಹೇಳಿ. ತೊಡೆಸಂದು, ಆಸನದ ಭಾಗ ಇದ್ದಕ್ಕಿದ್ದಂತೆ ಜೋಮು ಹಿಡಿದರೆ, ಕಾಲು ಸೋತರೆ ಅಥವಾ ಮೂತ್ರದ ಹಿಡಿತವೂ ತಪ್ಪಿದರೆ ಅದು ಬೆನ್ನುಹುರಿಯ ನರಗಳು ಒತ್ತಿಹೋದ ಸೂಚನೆಯಾಗಿರಬಹುದು. ಆಗ ತಜ್ಞರ ಭೇಟಿಯ ದಿನಕ್ಕಾಗಿ ಕಾಯದೆ ಅದೇ ದಿನ ತುರ್ತು ಚಿಕಿತ್ಸೆಗೆ ಹೋಗಿ. ಪರೀಕ್ಷೆಯ ಫಲಿತಾಂಶ ಬಂದ ನಂತರ ಲೋಪರಮೈಡ್ ಮಾತನ್ನು ನಿಮ್ಮ ವೈದ್ಯರೊಡನೆಯೇ ಆಡಬಹುದು.