ಇಂಗ್ಲೆಂಡಿನ ಹಳ್ಳಿಯ ಕೂಲಿಕಾರರ ವಂಶದ ಮೂಲ ಹುಡುಕುವುದು ಹೇಗೆ?

ನಿಮ್ಮ ಯಜಮಾನರು ಇಂಗ್ಲಿಷಿನವರು. ಅವರ ಅಜ್ಜನ ಅಜ್ಜ 1850ರ ಸುಮಾರಿಗೆ ಹುಟ್ಟಿದ ಹೊಲದ ಕೂಲಿಯಾಳು. ಊರು ಡಾರ್ಸೆಟ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ‘ಟ್ಯಾರಂಟ್’ ಅಂತ ಮಾತ್ರ ಗೊತ್ತು. ಮನೆ ಜಮೀನು ಏನೂ ಇಲ್ಲದ ಇಂಥವರ ಹಿಂದಿನ ತಲೆಮಾರುಗಳು ಸಿಗುತ್ತವಾ, ಅದೂ ಭಾರತದಲ್ಲಿ ಕೂತು ಹುಡುಕಿದರೆ, ಅಂತ ಕೇಳಿದ್ದೀರಿ.

ಸಿಗುತ್ತವೆ. ನನ್ನ ಅತ್ತೆಯ ತವರಿನವರೂ ಅದೇ ಕಣಿವೆಯ ಕೂಲಿಕಾರರು, ಹಾಗಾಗಿ ಈ ದಾರಿಯಲ್ಲಿ ನಡೆದು ನೋಡಿದ್ದೇನೆ. ನನ್ನ ಅನುಭವದಲ್ಲಿ ಬಡವರ ಜಾಡು ಹೆಸರು ಹಿಡಿದು ಹೋದರೆ ತಪ್ಪುತ್ತದೆ, ಊರು ಹಿಡಿದು ಹೋದರೆ ಸಿಗುತ್ತದೆ. ಯಾಕೆಂದರೆ ಆ ಕಾಲದ ಹಳ್ಳಿಗಳಲ್ಲಿ ಗಂಡಸರೆಲ್ಲ ಜಾನ್, ವಿಲಿಯಂ, ಥಾಮಸ್. ಅಣ್ಣತಮ್ಮಂದಿರು ತಂತಮ್ಮ ಮಕ್ಕಳಿಗೆ ಒಂದೇ ಅಜ್ಜನ ಹೆಸರು ಇಟ್ಟಿರುತ್ತಾರೆ. ಮಗು ತೀರಿಹೋದರೆ ಮುಂದಿನ ಮಗುವಿಗೂ ಅದೇ ಹೆಸರು.

ಮೊದಲು ‘ಟ್ಯಾರಂಟ್’ ವಿಷಯ. ಅದು ಒಂದು ಊರಲ್ಲ, ಒಂದು ಸಣ್ಣ ಹೊಳೆ. ಅದರ ಉದ್ದಕ್ಕೂ ಟ್ಯಾರಂಟ್ ಗನ್‌ವಿಲ್, ಹಿಂಟನ್, ಲಾನ್ಸೆಸ್ಟನ್, ಮಾಂಕ್ಟನ್, ರಾಸ್ಟನ್, ರಶ್ಟನ್, ಕೀನ್‌ಸ್ಟನ್, ಕ್ರಾಫರ್ಡ್ ಅಂತ ಸಾಲಾಗಿ ಹಳ್ಳಿಗಳಿವೆ. ಎಲ್ಲದರ ಮುಂದೆಯೂ ಟ್ಯಾರಂಟ್! ಹತ್ತಿರದ ವಿಂಟರ್‌ಬೋರ್ನ್ ಹೊಳೆಯ ಕಥೆಯೂ ಇದೇ. ಗಣತಿಯವನು ಬಂದಾಗ ಅಜ್ಜ ಬರೀ “ಟ್ಯಾರಂಟ್” ಅಂದರೆ ಅವನು ಅಷ್ಟನ್ನೇ ಬರೆದುಕೊಂಡು ಹೋಗುತ್ತಿದ್ದ.

ಇದನ್ನು ಬಿಡಿಸಲು ಎಲ್ಲ ಗಣತಿಗಳನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಹತ್ತು ವರ್ಷಕ್ಕೊಮ್ಮೆ ಜನಗಣತಿ, ಹೆಸರುಗಳು ಸಿಗುವುದು 1841ರಿಂದ. ಆದರೆ 1841ರಲ್ಲಿ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ, 39 ಇದ್ದವರು 35 ಆಗಿಬಿಡುತ್ತಾರೆ. ಹುಟ್ಟಿದ್ದು ಇದೇ ಕೌಂಟಿಯಲ್ಲಾ, ಹೌದು ಅಥವಾ ಇಲ್ಲ, ಅಷ್ಟೇ. 1851ರಿಂದ ನಿಜವಾದ ವಯಸ್ಸು, ಮನೆಯ ಯಜಮಾನನಿಗೆ ಏನಾಗಬೇಕು, ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು) ಯಾವುದು ಎಲ್ಲ ಇರುತ್ತದೆ. ಒಂದರಲ್ಲಿ ಬರೀ ಟ್ಯಾರಂಟ್ ಇದ್ದರೆ ಇನ್ನೊಂದರಲ್ಲಿ ಪೂರ್ತಿ ಹೆಸರು ಇರಬಹುದು. 1881ರ ಗಣತಿಯನ್ನು ವಂಶದ ದಾಖಲೆಗಳ ವೆಬ್‌ಸೈಟ್ ಫ್ಯಾಮಿಲಿಸರ್ಚ್‌ನಲ್ಲಿ ಪುಕ್ಕಟೆ ನೋಡಬಹುದು, ಅಲ್ಲಿಂದ ಶುರು ಮಾಡಿ.

ಗಣತಿಯಲ್ಲಿ ಮಕ್ಕಳು ಹುಟ್ಟಿದ ಊರುಗಳನ್ನು ಗಮನಿಸಿ. ಡಾರ್ಸೆಟ್‌ನಲ್ಲಿ ಕೂಲಿಯಾಳುಗಳನ್ನು ಹೆಚ್ಚಾಗಿ ವರ್ಷಕ್ಕೆ ಅಂತ ಗೊತ್ತು ಮಾಡಿಕೊಳ್ಳುತ್ತಿದ್ದರು. ಏಪ್ರಿಲ್ 6ಕ್ಕೆ, ಅಂದರೆ ಹಳೆಯ ಪಂಚಾಂಗದ ಲೇಡಿ ಡೇ ಹಬ್ಬದ ದಿನ, ಕರಾರು ಮುಗಿಯುತ್ತಿತ್ತು. ಆ ದಿನ ಎಷ್ಟೋ ಸಂಸಾರಗಳು ಪಾತ್ರೆ ಹಾಸಿಗೆ ಗಾಡಿಗೆ ಹೇರಿಕೊಂಡು ಬೇರೆ ಯಜಮಾನನ ಜಮೀನಿಗೆ ಹೋಗುತ್ತಿದ್ದವು. 1861ರಿಂದ 1911ರವರೆಗಿನ ಗಣತಿಗಳೆಲ್ಲ ನಡೆದಿದ್ದು ಸರಿಯಾಗಿ ಅದೇ ಆಸುಪಾಸಿನಲ್ಲಿ, ಮಾರ್ಚ್ ಕೊನೆಗೆ ಅಥವಾ ಏಪ್ರಿಲ್ ಮೊದಲ ವಾರ. ಹಾಗಾಗಿ ಗಣತಿಯಲ್ಲಿ ಕಾಣುವ ಊರನ್ನು ಅವರು ಮರುವಾರವೇ ಬಿಟ್ಟಿರಲೂಬಹುದು. ದೊಡ್ಡ ಮಗ ಒಂದು ಊರಲ್ಲಿ, ಎರಡನೆಯವಳು ಪಕ್ಕದೂರಲ್ಲಿ, ಮೂರನೆಯವನು ಹತ್ತು ಮೈಲಿ ಆಚೆ ಹುಟ್ಟಿದ್ದರೆ ಗಾಬರಿ ಬೇಡ. ಅವರು ಎಲ್ಲೆಲ್ಲಿ ದುಡಿದರು ಅನ್ನುವ ನಕ್ಷೆ ಅದೇ.

ಮಕ್ಕಳ ಜನನ ನೋಂದಣಿಯನ್ನೂ ನೋಡಿ. ಇದು 1837ರ ಜುಲೈ 1ರಿಂದ ಶುರುವಾಯಿತು. ಸರ್ಕಾರದ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಿ ಮಗುವಿನ ಹೆಸರಿನ ಪಕ್ಕ ತಾಯಿಯ ತವರಿನ ಹೆಸರೂ ಬರುತ್ತದೆ. ಹುಡುಕಲು ದುಡ್ಡು ಕೇಳುವುದಿಲ್ಲ, ಪ್ರತಿ ಬೇಕಾದರೆ ಮಾತ್ರ ಕೊಡಬೇಕು. ಒಂದೇ ಊರಿನ ಇಬ್ಬರು ವಿಲಿಯಂಗಳನ್ನು ಬೇರೆ ಮಾಡಲು ಹೆಂಡತಿಯ ತವರು ಹೆಸರಿಗಿಂತ ಒಳ್ಳೆಯ ಸಾಧನ ನನಗಂತೂ ಸಿಕ್ಕಿಲ್ಲ.

1837ಕ್ಕಿಂತ ಹಿಂದೆ ಹೋಗಬೇಕಾದರೆ ಚರ್ಚಿನ ಪುಸ್ತಕಗಳು. ದೀಕ್ಷಾಸ್ನಾನ, ಮದುವೆ, ಹೂಳಿದ್ದು ಇವನ್ನು ಬರೆದಿಡಬೇಕು ಅಂತ ಆಜ್ಞೆಯಾದದ್ದು 1538ರಲ್ಲಿ. 1813ರಿಂದ ಅಚ್ಚಾದ ನಮೂನೆ ಬಂದು ದೀಕ್ಷಾಸ್ನಾನದಲ್ಲಿ ತಂದೆಯ ಕಸುಬೂ ದಾಖಲಾಯಿತು. 1754ರಿಂದ ಮದುವೆಯ ಪುಸ್ತಕದಲ್ಲಿ ಗಂಡು ಹೆಣ್ಣು ಇಬ್ಬರೂ ಸಹಿ ಹಾಕಬೇಕಿತ್ತು, ಬರೆಯಲು ಬಾರದಿದ್ದರೆ ಒಂದು ಗುರುತು. ನಮ್ಮವರದೆಲ್ಲ ಬರೀ ಗುರುತೇ. ಸಾಕ್ಷಿಗಳ ಹೆಸರನ್ನೂ ಬರೆದುಕೊಳ್ಳಿ, ಹಲವು ಸಲ ಅವರು ಅಣ್ಣನೋ ನಾದಿನಿಯೋ ಆಗಿರುತ್ತಾರೆ. ಈ ಪುಸ್ತಕಗಳು ಈಗ ಡಾರ್ಚೆಸ್ಟರ್‌ನ ಡಾರ್ಸೆಟ್ ಹಿಸ್ಟರಿ ಸೆಂಟರ್‌ನಲ್ಲಿವೆ. ಪುಟಗಳ ಚಿತ್ರಗಳು ಆನ್ಸೆಸ್ಟ್ರಿ ಅನ್ನುವ ವೆಬ್‌ಸೈಟಿನಲ್ಲಿವೆ, ಅದಕ್ಕೆ ಚಂದಾ ಬೇಕು. ಒಂದು ತಿಂಗಳಿಗೆ ತೆಗೆದುಕೊಂಡು ಪಟ್ಟು ಹಿಡಿದು ಕೂರುವುದು ಲಾಭ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬಡವರ ಪರಿಹಾರದ ಕಾಗದಗಳು. 1601ರ ಕಾನೂನಿನ ಪ್ರಕಾರ ಬಡವರನ್ನು ಸಾಕುವ ಹೊಣೆ ಪ್ಯಾರಿಷ್‌ನದು. ಆದರೆ ಯಾವ ಪ್ಯಾರಿಷ್? ಇದಕ್ಕೆ 1662ರಲ್ಲಿ ಇನ್ನೊಂದು ಕಾನೂನು ಬಂತು. ಯಾರು ಯಾವ ಊರಿಗೆ ಸೇರಿದವರು ಅಂತ ತೀರ್ಮಾನಿಸಿ, ಸೇರದವರನ್ನು ಅವರ ಊರಿಗೆ ವಾಪಸ್ ಅಟ್ಟಬಹುದಿತ್ತು. ಕೂಲಿಯವನು ಕಾಯಿಲೆ ಬಿದ್ದು ಸಹಾಯ ಕೇಳಿದರೆ ಅವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ ವಿಚಾರಿಸುತ್ತಿದ್ದರು. ಎಲ್ಲಿ ಹುಟ್ಟಿದೆ, ಯಾರ ಹತ್ತಿರ ಜೀತಕ್ಕಿದ್ದೆ, ಸಂಬಳ ಎಷ್ಟು, ಯಾವಾಗ ಮದುವೆಯಾದೆ, ಮಕ್ಕಳೆಷ್ಟು. ಓದು ಬರಹ ಬಾರದವನ ಇಡೀ ಬದುಕು ಒಂದು ಹಾಳೆಯಲ್ಲಿ! ಪೂರ್ತಿ ಒಂದು ವರ್ಷ ಒಬ್ಬನ ಹತ್ತಿರ ದುಡಿದ ಅವಿವಾಹಿತನಿಗೆ ಆ ಊರಿನ ಹಕ್ಕು ಸಿಗುತ್ತಿತ್ತು. ಹಾಗಾಗಿ ಕೆಲವು ರೈತರು 51 ವಾರಕ್ಕೆ ಮಾತ್ರ ಆಳು ಇಟ್ಟುಕೊಳ್ಳುತ್ತಿದ್ದರು. ಜಾಣರು ನೋಡಿ.

ಪ್ಯಾರಿಷ್ ಖರ್ಚಿನ ಲೆಕ್ಕದ ಪುಸ್ತಕಗಳೂ ಹೀಗೇ. ವಿಧವೆಗೆ ಒಂದು ಜೊತೆ ಬೂಟು, ಮಗುವಿಗೆ ಅಂಗಿ, ಮುದುಕನಿಗೆ ಸೌದೆ, ಕೊನೆಗೆ ಶವಪೆಟ್ಟಿಗೆ. ಮದುವೆಯಾಗದ ತಾಯಿಯ ಮಗುವಿಗೆ ಚರ್ಚಿನ ಪುಸ್ತಕದಲ್ಲಿ ತಂದೆಯ ಹೆಸರು ಖಾಲಿ ಇದ್ದರೂ ಈ ಕಾಗದಗಳಲ್ಲಿ ಸಿಗುವ ಸಾಧ್ಯತೆ ಉಂಟು, ಯಾಕೆಂದರೆ ಖರ್ಚು ಯಾರ ತಲೆಗೆ ಕಟ್ಟಬೇಕು ಅಂತ ಪ್ಯಾರಿಷ್‌ನವರು ಬಿಡದೆ ಕೇಳುತ್ತಿದ್ದರು. ಉಯಿಲು, ಸಮಾಧಿಕಲ್ಲು ಇವುಗಳ ಆಸೆ ಅಷ್ಟಾಗಿ ಬೇಡ. ಕೂಲಿಕಾರರಿಗೆ ಕಲ್ಲು ನಿಲ್ಲಿಸಲು ಕಾಸೆಲ್ಲಿತ್ತು?

ಇಷ್ಟಾದ ಮೇಲೂ ಗಂಟು ಬಿಚ್ಚದಿದ್ದರೆ ಜನರನ್ನು ಕೇಳಿ. ಡಾರ್ಸೆಟ್‌ಗೆ ‘ಆನ್‌ಲೈನ್ ಪ್ಯಾರಿಷ್ ಕ್ಲರ್ಕ್’ ಅನ್ನುವ ಸ್ವಯಂಸೇವಕರಿದ್ದಾರೆ. ಒಬ್ಬೊಬ್ಬರು ಒಂದೊಂದು ಪ್ಯಾರಿಷ್ ವಹಿಸಿಕೊಂಡು ದಾಖಲೆಗಳನ್ನು ನಕಲು ಮಾಡಿ ಪುಕ್ಕಟೆ ಹಾಕುತ್ತಾರೆ. ಸಾಮರ್ಸೆಟ್ ಮತ್ತು ಡಾರ್ಸೆಟ್ ಫ್ಯಾಮಿಲಿ ಹಿಸ್ಟರಿ ಸೊಸೈಟಿಯೂ ಇದೆ. ನಮ್ಮತ್ತೆ ಕಡೆಯ ಒಂದು ಮಗುವಿನ ದೀಕ್ಷಾಸ್ನಾನ ಅವರ ಊರ ಚರ್ಚಿನಲ್ಲಿ ಸಿಗಲೇ ಇಲ್ಲ. ಸ್ವಯಂಸೇವಕರೊಬ್ಬರಿಗೆ ಬರೆದೆ. “ಆ ಜಮೀನು ಊರಿನ ಅಂಚಿನಲ್ಲಿದೆ, ಅಲ್ಲಿಯವರಿಗೆ ಪಕ್ಕದ ಪ್ಯಾರಿಷ್‌ನ ಚರ್ಚೇ ಹತ್ತಿರ, ಅಲ್ಲಿ ನೋಡಿ” ಅಂದರು. ಅಲ್ಲೇ ಇತ್ತು. ಅಲ್ಲೂ ಇಲ್ಲದಿದ್ದರೆ ಮೆಥಡಿಸ್ಟರ (ಊರ ಚರ್ಚಿನಿಂದ ಬೇರೆಯಾದ ಕ್ರೈಸ್ತ ಪಂಥ) ಪ್ರಾರ್ಥನಾ ಮಂದಿರದ ಪುಸ್ತಕ ನೋಡಿ ಅಂತಲೂ ಹೇಳಿದ್ದರು.

ಬರೆಯುವಾಗ “ಈ ಹೆಸರಿನವರ ಬಗ್ಗೆ ಏನಾದರೂ ಗೊತ್ತಾ” ಅಂತ ಸುಮ್ನೆ ಕೇಳಬೇಡಿ. ಯಾರು, ಯಾವ ವರ್ಷದ ಸುಮಾರು, ಯಾವ ಗಣತಿಯಲ್ಲಿ ಏನು ಕಂಡಿತು, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಇಷ್ಟು ಹೇಳಿ. ಬೇರೆಯವರು ಆನ್‌ಲೈನ್‌ನಲ್ಲಿ ಹಾಕಿದ ವಂಶವೃಕ್ಷಗಳನ್ನು ಸುಳಿವು ಅಂತ ಮಾತ್ರ ತೆಗೆದುಕೊಳ್ಳಿ. ಒಬ್ಬರು ತಪ್ಪಾದ ವಿಲಿಯಂನನ್ನು ಸೇರಿಸಿದರೆ ಸಾಕು, ಮಿಕ್ಕವರು ಕಣ್ಣು ಮುಚ್ಚಿ ನಕಲು ಹೊಡೆದಿರುತ್ತಾರೆ. ಆದರೆ ಅವನ್ನು ಹಾಕಿದವರಿಗೆ ಒಂದು ಸಂದೇಶ ಕಳಿಸಿ ನೋಡಿ. ಆಸ್ಟ್ರೇಲಿಯಾಕ್ಕೋ ಕೆನಡಾಕ್ಕೋ ಹೋದ ತಂಗಿಯ ಮೊಮ್ಮಕ್ಕಳ ಮನೆಯಲ್ಲಿ ಇಂಗ್ಲೆಂಡಿನಲ್ಲೇ ಉಳಿದವರ ಫೋಟೊ, ಪತ್ರ ಇರಬಹುದು. ನಮಗೆ ಹಾಗೊಂದು ಸಿಕ್ಕಿದೆ.

ಸದ್ಯಕ್ಕೆ ನೀವು 1881ರ ಗಣತಿಯಲ್ಲಿ ಅವರ ಸಂಸಾರ ಹುಡುಕಿ. ಹೆಂಡತಿಯ ಹೆಸರು, ಮಕ್ಕಳ ವಯಸ್ಸು, ಅವರು ಹುಟ್ಟಿದ ಊರು ಮೂರನ್ನೂ ಇಲ್ಲೇ ಬರೆಯಿರಿ. ಯಾವ ಟ್ಯಾರಂಟ್ ಅಂತ ಇಬ್ಬರೂ ಸೇರಿ ನೋಡೋಣ.