ಪವರ್ ಏರಿಸಿದರೆ ಕಣ ಸಿಗುವುದಿಲ್ಲ

ಪ್ರಶ್ನೆ: ಲೇಸರ್‌ನಿಂದ ಸಣ್ಣ ಕಣ ಹಿಡಿಯುವ ಬೆಳಕಿನ ಚಿಮಟ, ಅಂದರೆ ಆಪ್ಟಿಕಲ್ ಟ್ವೀಜರ್‌ನಲ್ಲಿ ಗಾಜಿನ ಮಣಿ ಸುಲಭವಾಗಿ ನಿಲ್ಲುತ್ತದೆ. ಚಿನ್ನ, ಸಿಲಿಕಾ ಪದರಗಳ ಮೆಟಾಮೆಟೀರಿಯಲ್ (ಬೆಳಕಿಗೆ ಬೇಕಾದಂತೆ ಸ್ಪಂದಿಸಲೆಂದು ರಚಿಸಿದ ಕೃತಕ ವಸ್ತು) ಕಣ ಮಾತ್ರ ತಪ್ಪಿಸಿಕೊಳ್ಳುತ್ತದೆ. ಲೇಸರ್ ಪವರ್ ಹೆಚ್ಚಿಸಲೇ?
– ಎಂ.ಎಸ್‌ಸಿ. ವಿದ್ಯಾರ್ಥಿ, ಮಲ್ಲೇಶ್ವರ

ಬೇಡ. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಫೋಕಸ್‌ನಲ್ಲಿ ಕಣವನ್ನು ಒಂದು ಬಲ ಬೆಳಕು ದಟ್ಟವಾಗಿರುವ ಕಡೆ ಎಳೆಯುತ್ತದೆ, ಇನ್ನೊಂದು ಬಲ, ಬೆಳಕು ಹೋಗುವ ದಿಕ್ಕಿಗೆ ತಳ್ಳುತ್ತದೆ. 1986ರಲ್ಲಿ ಭೌತವಿಜ್ಞಾನಿ ಆರ್ಥರ್ ಆಶ್ಕಿನ್ ಮತ್ತು ಸಂಗಡಿಗರು ಒಂದೇ ಕಿರಣದಲ್ಲಿ ಕಣ ಹಿಡಿದು ನಿಲ್ಲಿಸಿದ್ದು ಫೋಕಸ್ ಬಿಗಿ ಮಾಡಿ, ಎಳೆತದ ಕೈ ಮೇಲಾಗಿಸಿ. ಪವರ್ ದುಪ್ಪಟ್ಟಾದರೆ ಎಳೆತ, ತಳ್ಳುವಿಕೆ ಎರಡೂ ದುಪ್ಪಟ್ಟಾಗುತ್ತವೆ. ಸೋಲುತ್ತಿದ್ದ ಎಳೆತ ಸೋಲುತ್ತಲೇ ಇರುತ್ತದೆ.

ನೀವು ನೋಡಬೇಕಾದದ್ದು ಕಣದ ಅನುರಣನ, ಅಂದರೆ ಕಣ ಅತಿ ಜೋರಾಗಿ ಸ್ಪಂದಿಸುವ ತರಂಗಾಂತರ. ಸಣ್ಣ ಕಣದ ಅನುರಣನಕ್ಕಿಂತ ಲೇಸರ್‌ನ ತರಂಗಾಂತರ ತುಸು ಉದ್ದವಿದ್ದರೆ ಕಣ ಫೋಕಸ್‌ಗೆ ಬರುತ್ತದೆ, ಗಿಡ್ಡವಿದ್ದರೆ ಹೊರಗೆ ಹೋಗುತ್ತದೆ. ಸರಿಯಾಗಿ ಅನುರಣನದ ಮೇಲೇ ಕೂತರೆ ಬೆಳಕಿನ ಚದುರುವಿಕೆ ವಿಪರೀತ, ತಳ್ಳುವಿಕೆಯೂ ಅಷ್ಟೇ. ಮೊದಲು ಕಣದ ಸ್ಪೆಕ್ಟ್ರಮ್, ಅಂದರೆ ಯಾವ ತರಂಗಾಂತರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ನಕ್ಷೆ, ತೆಗೆಯಿರಿ, ಅದನ್ನೂ ನೀರಿನಲ್ಲೇ ತೆಗೆಯಿರಿ. ಒಣ ಸ್ಲೈಡ್‌ನಲ್ಲಿ ಕಂಡ ಅನುರಣನ ನೀರಿಗೆ ಬಂದರೆ ಕೆಂಪಿನ ಕಡೆ, ಅಂದರೆ ಉದ್ದ ತರಂಗಾಂತರದ ಕಡೆ, ಸರಿದಿರುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಪೋಲರೈಸೇಶನ್ (ಬೆಳಕಿನ ಅಲೆ ಕಂಪಿಸುವ ದಿಕ್ಕು) ತಿರುಗಿಸಿಯೂ ನೋಡಿ. ಪದರಗಳಿರುವ ಕಣ ಒಂದೊಂದು ದಿಕ್ಕಿಗೆ ಒಂದೊಂದು ತರಹ ಸ್ಪಂದಿಸುತ್ತದೆ.

ಇನ್ನು ಬಿಸಿ. ಚಿನ್ನ ಬೆಳಕನ್ನು ಹೀರಿಕೊಳ್ಳುತ್ತದೆ. ಪವರ್ ಏರಿಸಿದ ಮರುಕ್ಷಣವೇ ಮಾನಿಟರ್‌ನಲ್ಲಿ ಕಪ್ಪು ಅಂಚಿನ ಗುಳ್ಳೆಯೊಂದು ಟಪ್ಪೆಂದು ಎದ್ದು, ಸುತ್ತಲಿನ ಕಣಗಳನ್ನೆಲ್ಲ ಗುಡಿಸಿಕೊಂಡು ಹೋದದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಬೆಳಗಿನಿಂದ ಮಾಡಿಟ್ಟ ಸ್ಯಾಂಪಲ್ ಅಲ್ಲಿಗೆ ಹಾಳು.

ಪ್ರಶ್ನೆ: ಮೆಟಾಮೆಟೀರಿಯಲ್ ಪೆಂಡೆಂಟ್ ಮೊಬೈಲ್ ವಿಕಿರಣ ತಡೆಯುತ್ತದೆಯೇ?

ಇಲ್ಲ. ಮಾರುವವರು ಮೋಸಗಾರರು.

ಪ್ರಶ್ನೆ: ಬೆಳಕಿನ ಚಿಮಟದಿಂದ ಹೊಟ್ಟೆಯ ಗಡ್ಡೆ ಎಳೆಯಬಹುದೇ?

ಇಲ್ಲ. ಈ ಬಲ ಪಿಕೊನ್ಯೂಟನ್ ಲೆಕ್ಕದ್ದು, ಅಂದರೆ ಒಂದು ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಲೆಕ್ಕ. ಸರ್ಜನ್ ಹತ್ತಿರ ಹೋಗಿ, ಇವತ್ತೇ ಹೋಗಿ.

ಪ್ರಶ್ನೆ: ಎಸ್.ಪಿ. ರೋಡಿನಲ್ಲಿ ಸಿಗುವ ಹಸಿರು ಲೇಸರ್ ಪಾಯಿಂಟರ್‌ನಿಂದ ಮಗ ಮನೆಯಲ್ಲೇ ಬೆಳಕಿನ ಚಿಮಟ ಮಾಡಬಹುದೇ?

ಖಂಡಿತ ಬೇಡಮ್ಮ. ಅಂಥ ಬಹಳಷ್ಟು ಪಾಯಿಂಟರ್‌ಗಳಲ್ಲಿ ಹಸಿರು ಹುಟ್ಟುವುದು 1064 ನ್ಯಾನೊಮೀಟರ್‌ನ, ಕಣ್ಣಿಗೆ ಕಾಣದ ಬೆಳಕಿನಿಂದ. ಒಳಗೆ ಫಿಲ್ಟರ್ ಇಲ್ಲದಿದ್ದರೆ ಅದೂ ಹೊರಬರುತ್ತದೆ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ಅಕ್ಷಿಪಟಲ ಸುಟ್ಟಿದ್ದು ತಕ್ಷಣ ಗೊತ್ತಾಗುವುದೂ ಇಲ್ಲ. ಹೊಳೆಯುವ ವಸ್ತುವಿಗೆ ತಾಗಿ ಬೆಳಕು ಎಲ್ಲೆಲ್ಲೋ ಹಾರೀತೆಂದು ನಾನು ಇವತ್ತಿಗೂ ಉಂಗುರ, ವಾಚು ಬಿಚ್ಚಿಟ್ಟೇ ಲೇಸರ್ ಆನ್ ಮಾಡುವುದು. ಮಗನಿಗೆ ಆಸಕ್ತಿ ಇದ್ದರೆ ಐಐಎಸ್‌ಸಿ (ಭಾರತೀಯ ವಿಜ್ಞಾನ ಸಂಸ್ಥೆ) ಓಪನ್ ಡೇಗೆ ಕರೆದುಕೊಂಡು ಹೋಗಿ, ಲ್ಯಾಬಿನವರ ಹತ್ತಿರವೇ ಕೇಳಲಿ.