ಪಕ್ಕದ ಮನೆಗೆ ಕಾಡ್ಗಿಚ್ಚಿನ ಎಚ್ಚರಿಕೆ ಬಂತು, ನಮಗೆ ಯಾಕೆ ಬರಲಿಲ್ಲ?

ಪಕ್ಕದ ಮನೆಯವರು ಕ್ಯಾಲಿಫೋರ್ನಿಯಾದ ನಮ್ಮ ಸಾಂತಾ ಕ್ಲಾರಾ ಕೌಂಟಿಯ ತುರ್ತು ಎಚ್ಚರಿಕೆ ಸೇವೆ ಅಲರ್ಟ್‌ಎಸ್‌ಸಿಸಿಯಲ್ಲಿ ಹೆಸರು ಕೊಟ್ಟಿದ್ದಾರೆ, ನೀವು ಕೊಟ್ಟಿಲ್ಲ. ಬಹುಶಃ ಕಾರಣ ಇಷ್ಟೇ. ಸೇವೆ ಉಚಿತ, ಆದರೆ ಮೊಬೈಲ್ ನಂಬರನ್ನು ನಾವೇ ಸೇರಿಸಬೇಕು. ಕೆಲವು ಎಚ್ಚರಿಕೆ ಬಂದಾಗ ಫೋನು ಕಿವಿಗಡಚಿಕ್ಕುವ ಹಾಗೆ ಕಿರುಚುತ್ತಲ್ವಾ, ಅದು ಬೇರೆ ವ್ಯವಸ್ಥೆ. ಅದು ಟವರ್ ಮೂಲಕ ಬರುತ್ತದೆ, ನೋಂದಣಿ ಬೇಡ. ಹಾಗಂತ ಅದನ್ನೇ ನಂಬಿ ಕೂರಬೇಡಿ. 2017ರ ಅಕ್ಟೋಬರ್ ಬೆಂಕಿಯಲ್ಲಿ ಇದೇ ರಾಜ್ಯದ ಸೊನೋಮಾ ಕೌಂಟಿಯವರು, ಜನ ಗಾಬರಿಯಾಗಿ ರಸ್ತೆ ಜಾಮ್ ಆದೀತು ಅಂತ ಅದನ್ನು ಬಳಸಲೇ ಇಲ್ಲ.

ಮೊದಲು ಅಲರ್ಟ್‌ಎಸ್‌ಸಿಸಿಯಲ್ಲಿ ನೋಂದಾಯಿಸಿ. ಮನೆ ವಿಳಾಸ ಸರಿಯಾಗಿ ಹಾಕಿ, ಯಾಕೆಂದರೆ ಸಂದೇಶ ಕಳಿಸುವುದು ವಿಳಾಸ ನೋಡಿ.

ಆಮೇಲೆ ಐಫೋನಿನಲ್ಲಿ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್‌ಗೆ ಹೋಗಿ ತೀರಾ ಕೆಳಗೆ ನೋಡಿ. ಗವರ್ನ್‌ಮೆಂಟ್ ಅಲರ್ಟ್ಸ್‌ನಲ್ಲಿ ಎಮರ್ಜೆನ್ಸಿ ಅಲರ್ಟ್ಸ್ ಆನ್ ಇರಲಿ. ಆಂಡ್ರಾಯ್ಡಿನಲ್ಲಿ ಜಾಗ ಫೋನಿಂದ ಫೋನಿಗೆ ಬೇರೆ. ಸುಮ್ನೆ ಸೆಟ್ಟಿಂಗ್ಸ್‌ನಲ್ಲಿ 'ಎಮರ್ಜೆನ್ಸಿ' ಅಂತ ಹುಡುಕಿ.

ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಫೋನನ್ನೂ ನೋಡಿ. ಇಂಡಿಯಾ ಸಿಮ್ ರೋಮಿಂಗ್‌ನಲ್ಲಿದ್ದರೆ ಎಚ್ಚರಿಕೆ ಬಂದೇ ಬರುತ್ತದೆ ಅಂತ ಹೇಳಲಾಗದು. ಇಲ್ಲಿನ ಪ್ರೀಪೇಯ್ಡ್ ಸಿಮ್ ಹಾಕಿಸಿ, ಆ ನಂಬರನ್ನೂ ಸೇರಿಸಿ. ಎರಡು ಮಾತು ಅವರಿಗೆ ಗೊತ್ತಿರಲಿ: 'ಇವ್ಯಾಕ್ಯುಯೇಷನ್ ಆರ್ಡರ್' ಅಂದರೆ ಈಗಲೇ ಹೊರಡಬೇಕು, 'ವಾರ್ನಿಂಗ್' ಅಂದರೆ ಹೊರಡಲು ತಯಾರಾಗಬೇಕು. ವಯಸ್ಸಾದವರು ಮನೆಯಲ್ಲಿದ್ದರೆ ವಾರ್ನಿಂಗಿಗೇ ಹೊರಟುಬಿಡಿ.

ಮನೆ ಬಿಟ್ಟು ಹೊರಡುವ ಆದೇಶಕ್ಕಾಗಿ ಊರನ್ನು ಜೋನ್‌ಗಳಾಗಿ ವಿಂಗಡಿಸಿ ತೋರಿಸುವ ಜೆನಸಿಸ್ ಪ್ರೊಟೆಕ್ಟ್ ಆನ್‌ಲೈನ್ ನಕ್ಷೆಯಲ್ಲಿ ನಿಮ್ಮ ಜೋನ್ ನಂಬರ್ ಹುಡುಕಿ, ಫ್ರಿಜ್ ಬಾಗಿಲಿಗೆ ಬರೆದು ಅಂಟಿಸಿ. ಆದೇಶದಲ್ಲಿ ಸಾಮಾನ್ಯವಾಗಿ ಬೀದಿ ಹೆಸರಿಗಿಂತ ಜೋನ್ ನಂಬರೇ ಇರುತ್ತದೆ.